ಅಕ್ಕಿ ಬೆಳೆದ ನಾಡಿನ ಕಲೆ ಮತ್ತು ಊಟ: ಶಿವಮೊಗ್ಗ, ಭದ್ರಾವತಿಯಲ್ಲಿ ಒಂದು ಪರಂಪರೆಯ ನಡಿಗೆ

ಊರನ್ನು ಬಲ್ಲವರೊಬ್ಬರು ಮುಂದೆ, ಹತ್ತು ಹನ್ನೆರಡು ಮಂದಿ ಹಿಂದೆ. ಪೇಟೆಯ ಒಂದು ಭಾಗವನ್ನು ಕಾಲ್ನಡಿಗೆಯಲ್ಲೇ ಸುತ್ತಿ, ಗುಡಿಯ ಕಂಬ, ಅರಮನೆಯ ತೊಲೆ, ವೀರಗಲ್ಲು, ಹಳೆಯ ಅಂಗಡಿ ಸಾಲುಗಳನ್ನು ನಿಂತು ನೋಡುತ್ತಾ, ನಡುನಡುವೆ ಅದೇ ನೆಲದ ತಿಂಡಿ ತಿನಿಸುಗಳ ರುಚಿ ನೋಡುತ್ತಾ ಸಾಗುವ ಪ್ರವಾಸವೇ ಪರಂಪರೆಯ ನಡಿಗೆ. ಜಗತ್ತಿನ ಅನೇಕ ನಗರಗಳಲ್ಲಿ ಇದು ಈಗ ಪ್ರವಾಸೋದ್ಯಮದ ಮುಖ್ಯ ಭಾಗ. ನಮ್ಮಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಇಂಥ ನಡಿಗೆಗಳು ರೂಢಿಗೆ ಬಂದಿವೆ. ತುಂಗೆಯ ದಡದ ಶಿವಮೊಗ್ಗ ಮತ್ತು ಭದ್ರೆಯ ದಡದ ಭದ್ರಾವತಿ ಇಂಥ ನಡಿಗೆಗೆ ಹೇಳಿ ಮಾಡಿಸಿದ ಊರುಗಳು. ಸುಮಾರು 20 ಕಿಲೋಮೀಟರ್ ಅಂತರದೊಳಗೆ ಹೊಯ್ಸಳರ ಗುಡಿ, ಕೆಳದಿ ಅರಸರ ನೆನಪಿನ ಮರದ ಅರಮನೆ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ, ಜೊತೆಗೆ ಮಲೆನಾಡಿನ ಅಡುಗೆ ಎಲ್ಲವೂ ಸಿಗುತ್ತವೆ.

ಈ ಎಲ್ಲವನ್ನೂ ಒಂದಕ್ಕೊಂದು ಬೆಸೆದಿರುವುದು ಅಕ್ಕಿ. ಅರಸರಿಗೆ ಕಂದಾಯವಾದದ್ದು, ಕರಾವಳಿಯ ಬಂದರುಗಳಲ್ಲಿ ಹಡಗು ಹತ್ತಿದ್ದು, ಗೋಡೆಯ ಚಿತ್ತಾರಕ್ಕೆ ಬಿಳಿ ಬಣ್ಣವಾದದ್ದು, ಬೆಳಗಿನ ಕಡುಬಾದದ್ದು ಎಲ್ಲ ಅಕ್ಕಿಯೇ. ಕಲೆಯನ್ನೂ ಊಟವನ್ನೂ ಒಟ್ಟಿಗೆ ತಿಳಿಯಬೇಕೆನ್ನುವ ಮಾತಿಗೆ ಈ ಎರಡು ಊರುಗಳಲ್ಲಿ ಸಿಗುವಷ್ಟು ಗಟ್ಟಿಯಾದ ಆಧಾರ ಬೇರೆಡೆ ಸಿಗುವುದು ಅಪರೂಪ.

ಮೆಕ್ಸಿಕೊದ ಮಾದರಿ

ಕಲೆ ಮತ್ತು ಊಟವನ್ನು ಒಂದೇ ನಡಿಗೆಯಲ್ಲಿ ತೋರಿಸುವುದರಲ್ಲಿ ಮೆಕ್ಸಿಕೊ ಮುಂದಿದೆ. ಮೆಕ್ಸಿಕೊ ನಗರದ ಹಳೆಯ ಕೇಂದ್ರಭಾಗವನ್ನು ಯುನೆಸ್ಕೊ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2010ರಲ್ಲಿ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ರಾಷ್ಟ್ರೀಯ ಅರಮನೆಯ ಗೋಡೆಗಳ ಮೇಲೆ ಡಿಯೆಗೊ ರಿವೆರಾ 1929ರಿಂದ ದೇಶದ ಇತಿಹಾಸವನ್ನು ಭಿತ್ತಿಚಿತ್ರಗಳಾಗಿ ಬರೆದ. ಸ್ಪೇನಿನವರು ಬರುವ ಮುಂಚೆ ಅಲ್ಲಿದ್ದ ಟ್ಲಾಟೆಲೊಲ್ಕೊ ಸಂತೆಯ ಚಿತ್ರವೂ ಅವುಗಳಲ್ಲಿದೆ. ಅದನ್ನು ನೋಡಿ ಹೊರಬಂದವರಿಗೆ ಬೀದಿಯಲ್ಲೇ ಮೆಕ್ಕೆಜೋಳದ ರೊಟ್ಟಿ ಸಿಗುತ್ತದೆ. ಅಲ್ಲಿ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ರುಬ್ಬಿ ಹಿಟ್ಟು ಮಾಡುತ್ತಾರೆ. ಈ ಪದ್ಧತಿಗೆ ಸಾವಿರಾರು ವರ್ಷಗಳ ಇತಿಹಾಸವಿದೆ. ಅಮೆರಿಕದ ಶಿಕಾಗೊ ನಗರದಲ್ಲಿ ಮೆಕ್ಸಿಕನ್ ಕುಟುಂಬಗಳು ನೆಲೆಸಿರುವ ಪಿಲ್ಸೆನ್ ಬಡಾವಣೆಯೂ ಬೀದಿಯ ಭಿತ್ತಿಚಿತ್ರಗಳಿಗೆ ಮತ್ತು ಮೆಕ್ಸಿಕನ್ ತಿನಿಸುಗಳಿಗೆ ಹೆಸರಾಗಿದೆ.

ಮೆಕ್ಸಿಕೊಗೂ ಮಲೆನಾಡಿಗೂ ಒಂದು ಹಳೆಯ ನಂಟಿದೆ. ನಾವು ದಿನವೂ ಬಳಸುವ ಮೆಣಸಿನಕಾಯಿಯ ತವರು ಮೆಕ್ಸಿಕೊ ಮತ್ತು ಅದರ ಸುತ್ತಲಿನ ನಾಡು. ಟೊಮೆಟೊ, ಮೆಕ್ಕೆಜೋಳ, ಸೀಬೆ, ಪಪ್ಪಾಯಿಗಳೂ ಅಮೆರಿಕ ಖಂಡದಿಂದಲೇ ಬಂದವು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಮೆಣಸಿನಕಾಯಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಅದೇ ಹಡಗುಗಳು ಇಲ್ಲಿಂದ ಕಾಳುಮೆಣಸನ್ನು ತುಂಬಿಕೊಂಡು ಹೋದವು. ಮೆಣಸಿನಕಾಯಿ ಬರುವ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದವು ಕಾಳುಮೆಣಸು, ಹಿಪ್ಪಲಿ, ಶುಂಠಿ. ಮಲೆನಾಡಿನ ಮನೆಗಳಲ್ಲಿ ಇಂದಿಗೂ ಮಾಡುವ ಕಾಳುಮೆಣಸಿನ ಸಾರು ಆ ಹಳೆಯ ರುಚಿಯನ್ನು ಉಳಿಸಿಕೊಂಡಿದೆ.

ಕೆಳದಿ ಅರಸರ ಅಕ್ಕಿ ಮತ್ತು ಕಾಳುಮೆಣಸು

ಶಿವಮೊಗ್ಗದ ನಡಿಗೆಗೆ ಹೊರಡುವ ಮುನ್ನ ಕೆಳದಿ ಅರಸರ ವಿಷಯ ಸ್ವಲ್ಪ ತಿಳಿದಿರಬೇಕು. ವಿಜಯನಗರದ ಸಾಮಂತರಾಗಿ ಆರಂಭವಾದ ಈ ಮನೆತನ ಕೆಳದಿ, ಇಕ್ಕೇರಿ, ಬಿದನೂರುಗಳನ್ನು ಒಂದಾದ ಮೇಲೊಂದರಂತೆ ರಾಜಧಾನಿ ಮಾಡಿಕೊಂಡು, 1763ರಲ್ಲಿ ಹೈದರಾಲಿ ಬಿದನೂರನ್ನು ಗೆಲ್ಲುವವರೆಗೆ ಆಳಿತು. ಘಟ್ಟದ ಮೇಲಿನ ಮಲೆನಾಡೂ ಕೆಳಗಿನ ಕರಾವಳಿಯೂ ಅವರ ಕೈಯಲ್ಲಿದ್ದವು. ಆದ್ದರಿಂದ ಬಂದರುಗಳ ಮೂಲಕ ಪೋರ್ಚುಗೀಸರ ಜೊತೆ, ಆಮೇಲೆ ಡಚ್ಚರ ಜೊತೆ ನಡೆದ ಅಕ್ಕಿ, ಕಾಳುಮೆಣಸಿನ ವ್ಯಾಪಾರ ಈ ರಾಜ್ಯದ ಮುಖ್ಯ ಆದಾಯವಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ, ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದದ್ದರ ಹಿಂದೆಯೂ ಇದೇ ನಂಟಿತ್ತು.

1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರು ರೈತರ ಬಾಯಲ್ಲಿ ಉಳಿದದ್ದು ಶಿಸ್ತಿನಿಂದ. ಶಿಸ್ತು ಎಂದರೆ ಅವನು ಗೊತ್ತುಮಾಡಿದ ಭೂಕಂದಾಯ. ಮಣ್ಣಿನ ಗುಣ ನೋಡಿ ಜಮೀನನ್ನು ದರ್ಜೆಗಳಾಗಿ ವಿಂಗಡಿಸಿ, 12 ವರ್ಷಗಳ ಬೆಳೆ ಮತ್ತು ಬೆಲೆಯ ಲೆಕ್ಕ ಹಿಡಿದು, ಉತ್ಪನ್ನದ ಸುಮಾರು ಮೂರನೆಯ ಒಂದು ಪಾಲನ್ನು ಸರ್ಕಾರಕ್ಕೆ ನಿಗದಿ ಮಾಡಿದ ಪದ್ಧತಿ ಅದು. ಗದ್ದೆ, ತೋಟಗಳ ಇಳುವರಿಯನ್ನು ಇಷ್ಟು ಸೂಕ್ಷ್ಮವಾಗಿ ಅಳೆದ ರಾಜ್ಯದಲ್ಲಿ ಗುಡಿ, ಕೆರೆ, ಅರಮನೆಗಳಿಗೆ ಹಣ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಇದೇ ಮನೆತನದ ಬಸವಪ್ಪ ನಾಯಕ, ಅಂದರೆ ಕೆಳದಿ ಚೆನ್ನಮ್ಮನ ದತ್ತುಪುತ್ರ, 18ನೇ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ‘ಶಿವತತ್ತ್ವ ರತ್ನಾಕರ’ ಎಂಬ ವಿಶ್ವಕೋಶವನ್ನು ರಚಿಸಿದ. ರಾಜನೀತಿ, ಶಿಲ್ಪ, ಸಂಗೀತ, ನಾಟ್ಯಗಳ ಜೊತೆಗೆ ಅಡುಗೆಯ ಶಾಸ್ತ್ರಕ್ಕೂ ಅದರಲ್ಲಿ ಜಾಗವಿದೆ. ಕನ್ನಡ ನಾಡಿಗೆ ಇದು ಹೊಸದೇನಲ್ಲ. 11ನೇ ಶತಮಾನದ ‘ಲೋಕೋಪಕಾರ’ದಲ್ಲಿ ಚಾವುಂಡರಾಯ, 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ, ‘ಸೂಪಶಾಸ್ತ್ರ’ದಲ್ಲಿ ಮೂರನೆಯ ಮಂಗರಸ ಅಡುಗೆಯನ್ನು ವಿದ್ಯೆಯೆಂದೇ ಎಣಿಸಿ ಬರೆದಿದ್ದಾರೆ. ಶಿಲ್ಪವೂ ಅಡುಗೆಯೂ ಒಂದೇ ಗ್ರಂಥದ ಅಧ್ಯಾಯಗಳಾಗಿದ್ದ ನಾಡಿನಲ್ಲಿ ಅವೆರಡನ್ನೂ ಒಂದೇ ನಡಿಗೆಯಲ್ಲಿ ನೋಡುವುದು ಸಹಜವೇ ಆಗಿದೆ.

ಶಿವಮೊಗ್ಗ: ಕೋಟೆಯಿಂದ ಗಾಂಧಿ ಬಜಾರ್‌ವರೆಗೆ

ಶಿವಮೊಗ್ಗದ ನಡಿಗೆಗೆ ಸರಿಯಾದ ಆರಂಭ ತುಂಗಾ ತೀರ. ಹೊಳೆಯೊಳಗಿನ ಕೋರ್ಪಲಯ್ಯನ ಛತ್ರದ ಮಂಟಪ ಊರಿನವರಿಗೆ ನೀರಿನ ಮಟ್ಟ ಹೇಳುವ ಗುರುತು. ಮಳೆಗಾಲದಲ್ಲಿ ‘ಮಂಟಪ ಮುಳುಗಿತಾ?’ ಎಂದು ಒಬ್ಬರನ್ನೊಬ್ಬರು ಕೇಳುವುದು ಇಲ್ಲಿನ ವಾಡಿಕೆ. ಮುಳುಗಿತೆಂದರೆ ತುಂಗೆ ತುಂಬಿ ಹರಿಯುತ್ತಿದ್ದಾಳೆಂದು ಅರ್ಥ. ಜನ ಸೇತುವೆಯ ಬಳಿ ನೋಡಲು ಸೇರುತ್ತಾರೆ.

ಹೊಳೆಯ ದಡದಿಂದ ಕೋಟೆ ಪ್ರದೇಶಕ್ಕೆ ಬಂದರೆ ಶಿವಪ್ಪ ನಾಯಕ ಅರಮನೆ. ಎರಡು ಅಂತಸ್ತಿನ ಈ ಕಟ್ಟಡದಲ್ಲಿ ಮೊದಲು ಕಣ್ಣಿಗೆ ಬೀಳುವುದು ದರ್ಬಾರು ಸಭಾಂಗಣದ ಭಾರಿ ಮರದ ಕಂಬಗಳು ಮತ್ತು ಅವುಗಳ ನಡುವಿನ ಅಲೆಯಂಚಿನ ಕಮಾನುಗಳು. ಶಿವಪ್ಪ ನಾಯಕನ ಹೆಸರಿನಿಂದಲೇ ಪ್ರಸಿದ್ಧವಾದರೂ ಈಗಿನ ಕಟ್ಟಡ 18ನೇ ಶತಮಾನದ್ದು, ಹೈದರಾಲಿಯ ಕಾಲದ್ದು ಎಂಬ ಅಭಿಪ್ರಾಯವೂ ಇತಿಹಾಸಕಾರರಲ್ಲಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಮತ್ತು ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆಯನ್ನು ನೋಡಿದವರಿಗೆ ಇಲ್ಲಿನ ಕಂಬ ಕಮಾನುಗಳ ಹೋಲಿಕೆ ತಟ್ಟನೆ ಗೊತ್ತಾಗುತ್ತದೆ. ಕಲ್ಲಿನಲ್ಲಿ ಗುಡಿ, ಮರದಲ್ಲಿ ಮನೆ ಎನ್ನುವುದು ಮಲೆನಾಡಿನ ಹಳೆಯ ಕ್ರಮ. ಮಳೆಯ ನಾಡಿನಲ್ಲಿ ಒಳ್ಳೆಯ ಮರ ಹೇರಳವಾಗಿತ್ತು, ಬಡಗಿಗಳೂ ಇದ್ದರು.

ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಸುತ್ತಲಿನ ಊರುಗಳಲ್ಲಿ ಸಿಕ್ಕ ಶಿಲ್ಪಗಳು, ವೀರಗಲ್ಲುಗಳು, ಮಾಸ್ತಿಕಲ್ಲುಗಳು ಇಲ್ಲಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಕತ್ತಿ, ಬಿಲ್ಲು, ಕುದುರೆ, ಒಮ್ಮೊಮ್ಮೆ ಕಳ್ಳರು ಹೊಡೆದುಕೊಂಡು ಹೋಗುತ್ತಿರುವ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರರು. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು ಈ ಭಾಗದಲ್ಲಿ ಬಹಳ. ಹಾಲು, ಉಳುಮೆ, ಗೊಬ್ಬರ ಮೂರಕ್ಕೂ ದನವೇ ಆಧಾರವಾಗಿದ್ದ ಕಾಲದಲ್ಲಿ ದನದ ಹಿಂಡು ಹೋದರೆ ಊರಿನ ಊಟವೇ ಹೋದಂತೆ. ಇದನ್ನು ವಿವರಿಸಿ ಹೇಳಿದರೆ ವೀರಗಲ್ಲಿನ ಮುಂದೆ ಮಕ್ಕಳೂ ನಿಂತು ನೋಡುತ್ತಾರೆ.

ಅರಮನೆಯ ಹತ್ತಿರದಲ್ಲೇ ಸೀತಾರಾಮಾಂಜನೇಯ ಗುಡಿ ಇದೆ, ಊರಿನವರ ಬಾಯಲ್ಲಿ ಕೋಟೆ ಆಂಜನೇಯ. ಕೋಟೆಯ ಭಾಗದಲ್ಲೇ ಮಾರಿಕಾಂಬೆಯ ಗುಡಿಯೂ ಇದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಗಾಂಧಿ ಬಜಾರ್ ದೇವಿಯ ತವರುಮನೆ. ಅಲ್ಲಿ ಪೂಜೆಯಾಗಿ, ಮಡಿಲಕ್ಕಿ ತುಂಬಿಸಿಕೊಂಡು, ಮೆರವಣಿಗೆಯಲ್ಲಿ ಅವಳು ಕೋಟೆಯ ಗದ್ದುಗೆಗೆ ಬರುತ್ತಾಳೆ. ಹೆಣ್ಣುಮಗಳನ್ನು ಕಳಿಸಿಕೊಡುವಾಗ ಮನೆಯಲ್ಲಿ ಏನೇನು ಮಾಡುತ್ತಾರೋ ಅದನ್ನೆಲ್ಲ ಊರು ದೇವಿಗೆ ಮಾಡುತ್ತದೆ. ಕೋಟೆಯಿಂದ ಗಾಂಧಿ ಬಜಾರ್‌ಗೆ ಹಾಕುವ ಹೆಜ್ಜೆಗಳು ಈ ಜಾತ್ರೆಯ ದಾರಿಯನ್ನೇ ಹಿಂದಕ್ಕೆ ನಡೆದಂತೆ.

ಗಾಂಧಿ ಬಜಾರ್ ಶಿವಮೊಗ್ಗದ ಹಳೆಯ ವ್ಯಾಪಾರದ ಬೀದಿ. ಬಟ್ಟೆ, ಪಾತ್ರೆ, ಹೂವು, ಗ್ರಂಧಿಗೆ, ದಿನಸಿ ಅಂಗಡಿಗಳ ನಡುವೆ ಮಲೆನಾಡಿನ ಸರಕೂ ಬಯಲುಸೀಮೆಯ ಸರಕೂ ಒಂದೆಡೆ ಸೇರುತ್ತವೆ. ಪಶ್ಚಿಮದಿಂದ ಅಡಿಕೆ, ಕಾಳುಮೆಣಸು, ಏಲಕ್ಕಿ. ಪೂರ್ವ ಮತ್ತು ಉತ್ತರದಿಂದ ಜೋಳ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ. ಶಿವಮೊಗ್ಗ ರಾಜ್ಯದ ದೊಡ್ಡ ಅಡಿಕೆ ಮಾರುಕಟ್ಟೆಗಳಲ್ಲಿ ಒಂದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಗಳ ಧಾರಣೆಯನ್ನು ಇಲ್ಲಿನ ಬೆಳೆಗಾರರು ದಿನವೂ ಗಮನಿಸುತ್ತಾರೆ. ಬಜಾರ್ ಸುತ್ತಿದ ಮೇಲೆ ಸಂಜೆಯ ತಿಂಡಿಗೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬೋಂಡ ತಿನ್ನದೆ ಮುಂದೆ ಹೋಗುವಂತಿಲ್ಲ. ಮಂಡಕ್ಕಿಯೂ ಅಕ್ಕಿಯ ಮಗುವೇ. ಅದರ ಜೊತೆಯ ಮೆಣಸಿನಕಾಯಿ ಮೆಕ್ಸಿಕೊದಿಂದ ಬಂದು ನಮ್ಮದಾದದ್ದು.

ಇಲ್ಲಿಂದ ಬಿ.ಎಚ್. ರಸ್ತೆಗೆ ಬಂದರೆ ಸೇಕ್ರೆಡ್ ಹಾರ್ಟ್ ಚರ್ಚ್. ರೋಮನ್ ಮತ್ತು ಗೋಥಿಕ್ ಶೈಲಿಗಳನ್ನು ಬೆರೆಸಿ ಕಟ್ಟಿದ ಇದು ವಿಶಾಲ ಪ್ರಾರ್ಥನಾ ಮಂದಿರ. ಮರದ ಕಂಬಗಳ ಅರಮನೆಯನ್ನು ಆಗಷ್ಟೇ ನೋಡಿ ಬಂದವರಿಗೆ, ಕಮಾನೆಂಬ ಒಂದೇ ವಸ್ತು ಎರಡು ಪರಂಪರೆಗಳಲ್ಲಿ ಹೇಗೆ ಬೇರೆ ಬೇರೆ ರೂಪ ತಾಳಿತೆಂದು ಇಲ್ಲಿ ಕಾಣುತ್ತದೆ.

ಅಕ್ಕಿಯೇ ಬಣ್ಣ: ದೀವರ ಚಿತ್ತಾರ

ಮಲೆನಾಡಿನ ಕಲೆ ಗುಡಿ ಅರಮನೆಗಳಲ್ಲಷ್ಟೇ ಇಲ್ಲ. ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಈ ಜಿಲ್ಲೆಯ ದೊಡ್ಡ ಕಲಾಸಂಪತ್ತು. ಕೆಮ್ಮಣ್ಣು ಬಳಿದ ಗೋಡೆಯೇ ಹಿನ್ನೆಲೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ, ಅಕ್ಕಿಯನ್ನು ಕಪ್ಪಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯ ಬೀಜದಿಂದ ಹಳದಿ. ಕುಂಚ ಪುಂಡಿ ನಾರಿನದು. ನಾರಿನ ತುದಿಯನ್ನು ಬಣ್ಣದಲ್ಲಿ ಅದ್ದಿ, ಕೈ ನಡುಗದಂತೆ ಗೋಡೆಗೆ ತಾಗಿಸಿ ಎಳೆದರೆ ದಾರದಷ್ಟು ತೆಳ್ಳನೆಯ ಗೆರೆ ಮೂಡುತ್ತದೆ. ಅಂಥ ಗೆರೆಗಳನ್ನು ಉದ್ದ, ಅಡ್ಡ, ಓರೆಯಾಗಿ ಜೋಡಿಸುತ್ತಾ ಹೋದಂತೆ ತೇರು, ಬಾಸಿಂಗ, ಮದುಮಕ್ಕಳ ದಂಡಿಗೆ, ಪೈರು, ಹಕ್ಕಿಗಳು ರೂಪ ತಾಳುತ್ತವೆ. ಮದುವೆಯ ಮನೆಯಲ್ಲಿ ಹಸೆಗೋಡೆಯ ಚಿತ್ತಾರವಿಲ್ಲದೆ ಶಾಸ್ತ್ರ ಪೂರ್ಣವಾಗದು.

ಇದೇ ಚಿತ್ತಾರ ಊಟವನ್ನು ಹೊತ್ತು ಗದ್ದೆಗೆ ಹೋಗುವ ದಿನವೂ ಒಂದಿದೆ. ಅದು ಭೂಮಿ ಹುಣ್ಣಿಮೆ, ಅಂದರೆ ಆಶ್ವಯುಜದ ಸೀಗೆ ಹುಣ್ಣಿಮೆ. ಭತ್ತದ ಪೈರು ಹೊಡೆ ತುಂಬಿ ನಿಂತ ಆ ಹೊತ್ತಿಗೆ ಭೂಮಿ ತುಂಬು ಬಸುರಿ. ಬಸುರಿಯ ಬಯಕೆ ತೀರಿಸಬೇಕು. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಯ ಬಿಳಿಯಿಂದ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡುಗೆ ನಡೆಯುತ್ತದೆ: ಕೊಟ್ಟೆ ಕಡುಬು, ಸಿಹಿ ಕಡುಬು, ಬಗೆಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಬೆರಕೆ ಸೊಪ್ಪು. ಬೆಳಕು ಹರಿಯುವ ಮುನ್ನ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಸೊಪ್ಪಿನ ಅಡುಗೆಯನ್ನು ಪೈರಿನ ಮೇಲೆ ಬೀರಿ, ಪೂಜೆ ಮಾಡಿ, ಮನೆಮಂದಿಯೆಲ್ಲ ಅಲ್ಲೇ ಕುಳಿತು ಉಣ್ಣುತ್ತಾರೆ. ಬುಟ್ಟಿಯ ಹೊರಗೂ ಅಕ್ಕಿ, ಒಳಗೂ ಅಕ್ಕಿ. ಕಲೆ ಮತ್ತು ಊಟ ಎರಡೂ ಒಂದೇ ಕೈಯಿಂದ ಬಂದವು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗಲಾರದು. ಶಿವಮೊಗ್ಗದ ಯಾವ ನಡಿಗೆಯೂ ಚಿತ್ತಾರ ಬರೆಯುವವರೊಬ್ಬರ ಪ್ರಾತ್ಯಕ್ಷಿಕೆ ಇಲ್ಲದೆ ಪೂರ್ತಿಯಾಗುವುದಿಲ್ಲ.

ಮಲೆನಾಡಿನ ತಟ್ಟೆ: ಋತುವಿಗೆ ತಕ್ಕ ರುಚಿ

ಮಲೆನಾಡಿನ ಅಡುಗೆಗೆ ಮಳೆಯೇ ಪಂಚಾಂಗ. ವರ್ಷವಿಡೀ ಸಿಗುವವು ಅಕ್ಕಿರೊಟ್ಟಿ ಮತ್ತು ಕಡುಬು. ಕಡುಬಿಗೆ ಅಕ್ಕಿಯನ್ನು ತರಿಯಾಗಿ ಒಡೆದು, ಉಪ್ಪು ಹಾಕಿದ ಕುದಿನೀರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೊಮ್ಮೆ ಬೇಯಿಸುತ್ತಾರೆ. ಜೊತೆಗೆ ಕಾಯಿಚಟ್ನಿ ಅಥವಾ ಕಾಳಿನ ಸಾರು. ಮಾಂಸಾಹಾರದ ಮನೆಗಳಲ್ಲಿ ಕೋಳಿಸಾರು. ಕೊಟ್ಟೆ ಕಡುಬಾದರೆ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ, ಅದರೊಳಗೆ ಹಿಟ್ಟು ಹುಯ್ದು ಬೇಯಿಸಿದ್ದು. ಎಲೆಯ ಪರಿಮಳ ಕಡುಬಿಗೆ ಇಳಿದಿರುತ್ತದೆ.

ಮಳೆಗಾಲದಲ್ಲಿ ತಟ್ಟೆಯೇ ಬದಲಾಗುತ್ತದೆ. ಬಿದಿರಿನ ಎಳೆಯ ಮೊಳಕೆಯಾದ ಕಳಲೆಯನ್ನು ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಕಹಿಯನ್ನೂ ವಿಷದ ಅಂಶವನ್ನೂ ತೆಗೆದ ಮೇಲೆ ಪಲ್ಯ, ಹುಳಿ ಮಾಡುತ್ತಾರೆ. ಮರದ ಮೇಲೆ ಬೆಳೆಯುವ ಮರಗೆಸುವಿನ ಎಲೆಯಿಂದ ಪತ್ರೊಡೆ ಆಗುತ್ತದೆ. ಕೆಸುವಿನ ಎಲೆ ಗಂಟಲು ತುರಿಸುವ ಜಾತಿಯದಾದ್ದರಿಂದ ಹಿಟ್ಟಿಗೆ ಹುಣಸೆ ಬೀಳಲೇಬೇಕು. ಗುಡುಗಿನ ಮಳೆ ಬಿದ್ದ ಮೇಲೆ ಏಳುವ ಅಣಬೆ, ಹೊಳೆ ಹಳ್ಳಗಳ ಏಡಿ, ಮೀನುಗಳೂ ಆ ಕಾಲದವೇ.

ಚಳಿಗಾಲ ಆಲೆಮನೆಯ ಹೊತ್ತು. ಕಬ್ಬಿನ ಹಾಲು, ಜೋನಿಬೆಲ್ಲಗಳ ಜೊತೆ ಆಗ ಮನೆಗಳಲ್ಲಿ ತೊಡದೇವು ಮಾಡುತ್ತಾರೆ. ಅದನ್ನು ಮಾಡುವುದನ್ನು ನೋಡುವುದೇ ಒಂದು ಸೊಗಸು. ಒಲೆಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕಿ ಕಾಯಿಸುತ್ತಾರೆ. ಅಕ್ಕಿಹಿಟ್ಟು, ಕಬ್ಬಿನ ಹಾಲು ಅಥವಾ ಬೆಲ್ಲದ ತೆಳು ಹಿಟ್ಟಿನಲ್ಲಿ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಮಡಕೆಯ ಬೆನ್ನಿನ ಮೇಲೆ ಒಂದೇ ಸಲಕ್ಕೆ ಎಳೆಯುತ್ತಾರೆ. ಕ್ಷಣದಲ್ಲಿ ಅದು ಕಾಗದದಷ್ಟು ತೆಳುವಾದ ಹಾಳೆಯಾಗಿ ಅಂಚು ಬಿಡುತ್ತದೆ. ತುಪ್ಪ ಸವರಿ, ಮಡಿಸಿ, ತೆಗೆದಿಟ್ಟರೆ ಆರಿದ ಮೇಲೆ ಗರಿಗರಿ. ಎಳೆಯುವ ಕೈ ನಿಧಾನವಾದರೆ ದಪ್ಪ, ಅವಸರವಾದರೆ ತೂತು. ಚಿತ್ತಾರದ ಗೆರೆ ಎಳೆಯಲು ಬೇಕಾದ ಹದವೇ ಇಲ್ಲಿಯೂ ಬೇಕು.

ಬೇಸಿಗೆಯ ಆರಂಭದಲ್ಲಿ ಅಪ್ಪೆಮಿಡಿ. ಹೊಳೆ ದಂಡೆಯ ಕಾಡುಮಾವಿನ ಮರಗಳಿಂದ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ದ ಮಿಡಿಯನ್ನು, ತೊಟ್ಟು ಮುರಿಯದಂತೆ ತಂದು ಉಪ್ಪಿನಲ್ಲಿ ಹಾಕುತ್ತಾರೆ. ಅದರ ಸೊನೆಯ ಪರಿಮಳವೇ ಉಪ್ಪಿನಕಾಯಿಯ ಜೀವ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಬಿಸಿಲಿನ ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ ಮತ್ತು ಒಂದೆಲಗದ ತಂಬುಳಿ ಇದ್ದರೆ ನಡೆದ ಆಯಾಸ ತಾನಾಗಿ ಇಳಿಯುತ್ತದೆ.

ಭದ್ರಾವತಿ: ಬಳಪದ ಕಲ್ಲಿನ ಗುಡಿ

ಶಿವಮೊಗ್ಗದಿಂದ ಬಸ್ಸಿನಲ್ಲೋ ರೈಲಿನಲ್ಲೋ ಭದ್ರಾವತಿಗೆ ಬಂದರೆ ನಡಿಗೆಯ ಎರಡನೆಯ ಭಾಗ. ಈ ಊರಿನ ಹಳೆಯ ಹೆಸರು ಬೆಂಕಿಪುರ. ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯ 13ನೇ ಶತಮಾನದ ಹೊಯ್ಸಳ ಕಟ್ಟಡ. ಇದು ತ್ರಿಕೂಟ, ಅಂದರೆ ಒಂದೇ ನವರಂಗಕ್ಕೆ ಕೂಡಿಕೊಂಡ ಮೂರು ಗರ್ಭಗುಡಿಗಳ ದೇವಾಲಯ. ಲಕ್ಷ್ಮೀನರಸಿಂಹ, ವೇಣುಗೋಪಾಲ, ಪುರುಷೋತ್ತಮ ಎಂಬ ವಿಷ್ಣುವಿನ ಮೂರು ರೂಪಗಳಿಗೆ ಇಲ್ಲಿ ಪೂಜೆ ನಡೆಯುತ್ತದೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವ ದೇವಾಲಯವೂ ಇಂಥದೇ ವೈಷ್ಣವ ತ್ರಿಕೂಟ. ಅಲ್ಲಿಗೆ ಹೋಗಲಾಗದ ಮಲೆನಾಡಿನ ಮಕ್ಕಳಿಗೆ ಹೊಯ್ಸಳ ಶಿಲ್ಪದ ಮೊದಲ ಪಾಠವನ್ನು ಭದ್ರಾವತಿಯಲ್ಲೇ ಹೇಳಿಕೊಡಬಹುದು.

ಪಾಠ ಪಾದದಿಂದ ಆರಂಭವಾಗಲಿ. ಗುಡಿ ನಿಂತಿರುವ ಎತ್ತರದ ಕಟ್ಟೆಯೇ ಜಗತಿ. ಅದು ಗುಡಿಯ ಆಕಾರವನ್ನೇ ಅನುಸರಿಸಿ ಮೂಲೆ ಮೂಲೆಯಾಗಿ ತಿರುಗುತ್ತದೆ, ಭಕ್ತರಿಗೆ ಪ್ರದಕ್ಷಿಣೆಯ ದಾರಿಯೂ ಆಗುತ್ತದೆ. ಒಳಗೆ ಬಂದರೆ ಕಂಬಗಳನ್ನು ನೋಡಬೇಕು. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುವ ಗುಣ ಅದಕ್ಕಿದೆ. ಆದ್ದರಿಂದಲೇ ಕಂಬವನ್ನು ತಿರುಗಣೆಯಲ್ಲಿ ಕಡೆದು ಗಂಟೆ, ಬಳೆ, ತಟ್ಟೆಗಳಂಥ ದುಂಡು ಆಕಾರಗಳನ್ನು ತರಲು ಸಾಧ್ಯವಾಯಿತು. ಕಂಬದ ಮೈಮೇಲೆ ಸುತ್ತಲೂ ಓಡುವ ಸೂಜಿಯಷ್ಟು ಸಣ್ಣ ಗೆರೆಗಳನ್ನು ಹತ್ತಿರದಿಂದ ನೋಡಿದರೆ ಕಲ್ಲು ತಿರುಗಿದ ಗುರುತು ಗೊತ್ತಾಗುತ್ತದೆ. ಮುಟ್ಟದೆ, ಒಂದು ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ತೋರಿಸಿದರೆ ಸಾಕು.

ಭದ್ರಾವತಿ: ಉಕ್ಕು, ಕಾಗದ ಮತ್ತು ಕಾರ್ಮಿಕರ ಊಟ

ಗುಡಿಯಿಂದ ಕಾರ್ಖಾನೆಯ ಕಡೆಗೆ ನಡೆದರೆ ಇತಿಹಾಸ ಏಳುನೂರು ವರ್ಷ ಮುಂದಕ್ಕೆ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತು ಕಾರ್ಖಾನೆಯನ್ನು ನೆಲೆ ನಿಲ್ಲಿಸಿದರು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ ಕಬ್ಬಿಣ ತೆಗೆದದ್ದು ಇಲ್ಲಿನ ವೈಶಿಷ್ಟ್ಯ. ಕಟ್ಟಿಗೆಯನ್ನು ಸುಡುವಾಗ ಹೊರಬರುವ ಆವಿಯಿಂದ ರಾಸಾಯನಿಕಗಳನ್ನೂ ತಯಾರಿಸುತ್ತಿದ್ದರು. ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ಈ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 1930ರ ದಶಕದಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಪತ್ರಿಕೆಗಳಿಗೂ ಪಠ್ಯಪುಸ್ತಕಗಳಿಗೂ ಕಾಗದ ಒದಗಿಸಿ, 2015ರಲ್ಲಿ ಉತ್ಪಾದನೆ ನಿಲ್ಲಿಸಿತು.

ಇವೂ ಕಲಾ ಇತಿಹಾಸದ ಭಾಗವೇ. ನ್ಯೂ ಟೌನ್, ಪೇಪರ್ ಟೌನ್‌ಗಳ ಸಾಲು ಕ್ವಾರ್ಟರ್ಸ್, ಮರಗಳ ನೆರಳಿನ ನೇರ ರಸ್ತೆಗಳು ಮೈಸೂರು ಸಂಸ್ಥಾನ ಕೈಗಾರಿಕಾ ನಗರವನ್ನು ಹೇಗೆ ಕಲ್ಪಿಸಿಕೊಂಡಿತ್ತು ಎಂಬುದನ್ನು ತೋರಿಸುತ್ತವೆ. ಕೆಲಸ ಹುಡುಕಿಕೊಂಡು ಬಂದ ತಮಿಳು, ತೆಲುಗು, ಮಲಯಾಳ ಕುಟುಂಬಗಳು ಕನ್ನಡದ ನೆರೆಹೊರೆಯಾಗಿ ಇಲ್ಲಿ ತಲೆಮಾರುಗಳಿಂದ ಬಾಳಿವೆ. ಪೊಂಗಲ್, ಓಣಂ, ಯುಗಾದಿ ಯಾವ ಹಬ್ಬ ಬಂದರೂ ಪಕ್ಕದ ಮನೆಗೆ ತಟ್ಟೆ ಹೋಗುವ ಊರು ಇದು. ಪಾಳಿ ಮುಗಿಸಿ ಬಂದವರಿಗೆ ಬೆಳಗಿನ ಜಾವವೇ ಇಡ್ಲಿ, ದೋಸೆ ಬೇಕು. ಕಡುಬು ರೊಟ್ಟಿಯ ನಾಡಿನಲ್ಲಿ ಹೋಟೆಲಿನ ತಿಂಡಿಗೆ ಹೊಸ ಗಿರಾಕಿಗಳು ಬಂದದ್ದು ಹೀಗೆ. ಭದ್ರಾವತಿಯ ನಡಿಗೆಯಲ್ಲಿ ಹಳೆಯ ಕಾರ್ಮಿಕರೊಬ್ಬರ ಮಾತು ಕೇಳಿ, ಅವರೊಡನೆ ಒಂದು ಲೋಟ ಕಾಫಿ ಕುಡಿಯುವುದಕ್ಕೂ ಸಮಯ ಇಡಬೇಕು.

ನಡಿಗೆ ಏರ್ಪಡಿಸುವ ಬಗೆ

ಒಂದು ತಂಡದಲ್ಲಿ ಹದಿನೈದು ಮಂದಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಹಿಂದಿನವರಿಗೆ ಮಾತು ಕೇಳುವುದಿಲ್ಲ, ಸಣ್ಣ ಅಂಗಡಿಯ ಮುಂದೆ ನಿಲ್ಲಲು ಜಾಗವೂ ಇರುವುದಿಲ್ಲ. ಶಿವಮೊಗ್ಗದ ಭಾಗಕ್ಕೆ ಮೂರು ಗಂಟೆ, ಭದ್ರಾವತಿಯ ಭಾಗಕ್ಕೆ ಅಷ್ಟೇ ಇಟ್ಟುಕೊಂಡರೆ ಅವಸರವಿಲ್ಲ. ಎರಡನ್ನೂ ಒಂದೇ ದಿನ ಮಾಡುವವರು ಬೆಳಿಗ್ಗೆ ಭದ್ರಾವತಿ, ಮಧ್ಯಾಹ್ನದ ಮೇಲೆ ಶಿವಮೊಗ್ಗ ಎಂದಿಟ್ಟುಕೊಳ್ಳುವುದು ಒಳ್ಳೆಯದು. ಗರ್ಭಗುಡಿಯ ಬಾಗಿಲು ಬೆಳಿಗ್ಗೆ ತೆರೆದಿರುತ್ತದೆ. ಸಂಜೆಗೆ ಬಜಾರ್ ಕಳೆಗಟ್ಟಿರುತ್ತದೆ. ವಸ್ತುಸಂಗ್ರಹಾಲಯದ ರಜೆಯ ದಿನ ಮತ್ತು ವೇಳೆಯನ್ನು ಮೊದಲೇ ವಿಚಾರಿಸಿ, ಮುಚ್ಚುವ ಹೊತ್ತಿಗೆ ಮುಂಚೆ ಅರಮನೆ ತಲುಪುವಂತೆ ಹೊರಡಬೇಕು. ಕಾರ್ಖಾನೆಯೊಳಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ.

ತಿನಿಸು ಪ್ರತಿ ನಿಲುಗಡೆಯಲ್ಲೂ ಸ್ವಲ್ಪ ಸ್ವಲ್ಪವೇ ಇರಲಿ. ಒಂದೆಡೆ ಹೊಟ್ಟೆ ತುಂಬಿದರೆ ಮುಂದಿನದು ರುಚಿಸುವುದಿಲ್ಲ. ಸಸ್ಯಾಹಾರ, ಮಾಂಸಾಹಾರ, ಯಾರಿಗೆ ಯಾವುದು ಒಗ್ಗುವುದಿಲ್ಲ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಬಡಿಸಲು ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ಬಳಸಿದರೆ ಕಸ ಉಳಿಯದು, ಅದೂ ಮಲೆನಾಡಿನ ರೂಢಿಯೇ. ಮನೆಯಲ್ಲಿ ಕಡುಬು, ತೊಡದೇವು ಮಾಡಿಕೊಡುವ ಹೆಂಗಸರಿಗೆ, ಚಿತ್ತಾರ ಬರೆದು ತೋರಿಸುವವರಿಗೆ ಸರಿಯಾದ ಸಂಭಾವನೆ ಕೊಡಬೇಕು. ಅವರ ವಿದ್ಯೆ ಮಾರ್ಗದರ್ಶಿಯ ಮಾತಿಗಿಂತ ಕಡಿಮೆಯದಲ್ಲ. ಗುಡಿಯೊಳಗೆ ಫೋಟೊ ತೆಗೆಯುವ ಮುನ್ನ ಅರ್ಚಕರನ್ನು ಕೇಳುವುದು, ಶಿಲ್ಪಗಳನ್ನು ಮುಟ್ಟದಿರುವುದು, ಅವುಗಳಿಗೆ ಎಣ್ಣೆ ಕುಂಕುಮ ಬಳಿಯದಿರುವುದು ಎಲ್ಲರೂ ಪಾಲಿಸಬೇಕಾದ ನಿಯಮ.

ನಡೆಯಲು ಅಕ್ಟೋಬರಿನಿಂದ ಫೆಬ್ರವರಿವರೆಗೆ ಹಿತವಾದ ಕಾಲ. ಕಳಲೆ, ಪತ್ರೊಡೆಗಳ ಆಸೆಯಿದ್ದವರು ಛತ್ರಿ ಹಿಡಿದು ಮಳೆಗಾಲದಲ್ಲೇ ಬರಬೇಕು.

ಇನ್ನೊಂದು ದಿನ ಇರುವವರಿಗೆ

ತುಂಗೆ ಭದ್ರೆಯರು ಸೇರುವ ಕೂಡ್ಲಿ ಶಿವಮೊಗ್ಗದಿಂದ ಹೆಚ್ಚು ದೂರವಿಲ್ಲ. ಎರಡೂ ಊರುಗಳ ಹೊಳೆಗಳು ಅಲ್ಲಿ ತುಂಗಭದ್ರೆಯಾಗುತ್ತವೆ. ಸಂಗಮದಲ್ಲಿ ಹಳೆಯ ದೇವಾಲಯಗಳೂ ಮಠಗಳೂ ಇವೆ. ತರೀಕೆರೆಯ ಬಳಿ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಸಾಗರದ ಕಡೆ ಹೋದರೆ ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ ದೇವಾಲಯಗಳ ಜೊತೆಗೆ ಶ್ರೀಗಂಧದಲ್ಲೂ ಬೆಂಡಿನಲ್ಲೂ ಕುಸುರಿ ಮಾಡುವ ಗುಡಿಗಾರರ ಕೆಲಸ ನೋಡಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಚಾಲುಕ್ಯರ ಕಾಲದ ದೊಡ್ಡ ವಿದ್ಯಾಕೇಂದ್ರವಾಗಿತ್ತು.

ಊರಿನವರೇ ಮೊದಲು ನಡೆಯಲಿ

ಜೋಗಕ್ಕೆ, ಆಗುಂಬೆಗೆ ಹೋಗುವ ಪ್ರವಾಸಿಗರು ಶಿವಮೊಗ್ಗವನ್ನು ಬಸ್ಸು ಬದಲಿಸುವ ಊರೆಂದೂ ಭದ್ರಾವತಿಯನ್ನು ಕಾರ್ಖಾನೆಯ ಊರೆಂದೂ ತಿಳಿದು ದಾಟಿ ಹೋಗುತ್ತಾರೆ. ಅವರನ್ನು ನಿಲ್ಲಿಸಬೇಕಾದರೆ ಮೊದಲು ಊರಿನವರಿಗೆ ಊರು ಗೊತ್ತಿರಬೇಕು. ಇಲ್ಲಿನ ಕಾಲೇಜುಗಳ ಇತಿಹಾಸ ವಿಭಾಗಗಳು, ಶಾಲೆಗಳು, ಮಹಿಳಾ ಸ್ವಸಹಾಯ ಸಂಘಗಳು ಕೈಜೋಡಿಸಿದರೆ ತಿಂಗಳಿಗೊಂದು ಭಾನುವಾರ ಇಂಥ ನಡಿಗೆ ನಡೆಸುವುದು ಕಷ್ಟವೇನಲ್ಲ. ವಿದ್ಯಾರ್ಥಿಗಳು ಕಂಬ, ಕಲ್ಲುಗಳ ಕಥೆ ಹೇಳಲಿ, ತಾಯಂದಿರು ಕಡುಬು ಬಡಿಸಲಿ, ಚಿತ್ತಾರ ಬಲ್ಲವರು ಕುಂಚ ಹಿಡಿಯಲಿ. ಗೋಡೆಗಳು ಸಿಮೆಂಟಾಗಿ ಚಿತ್ತಾರಕ್ಕೆ ಜಾಗ ಕಡಿಮೆಯಾಗುತ್ತಿರುವ, ಹೊಳೆ ದಂಡೆಯ ಅಪ್ಪೆಮರಗಳು ಕೊಡಲಿಗೆ ಬೀಳುತ್ತಿರುವ ಈ ಹೊತ್ತಿನಲ್ಲಿ ಇದನ್ನು ಮುಂದೂಡುವುದು ಸರಿಯಲ್ಲ. ನೀವು ಶಿವಮೊಗ್ಗ ಅಥವಾ ಭದ್ರಾವತಿಯವರಾಗಿದ್ದರೆ ಬರುವ ಭಾನುವಾರ ಮನೆಯ ಮಕ್ಕಳನ್ನು ಕರೆದುಕೊಂಡು ಅರಮನೆಗೋ ಲಕ್ಷ್ಮೀನರಸಿಂಹ ಗುಡಿಗೋ ಒಮ್ಮೆ ನಡೆದು ಹೋಗಿ ಬನ್ನಿ.